ತುಂಬೆ ಗಿಡ: ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗೋದಿಲ್ಲ

ಈ ಗಿಡ ನಿಮಗೆ ಗೊತ್ತು. ಇದನ್ನು ಯಾರೂ ನೆಡುವುದಿಲ್ಲ. ಯಾರೂ ನೀರು ಹಾಕುವುದಿಲ್ಲ. ಒಂದು ಹದ ಮಳೆ ಬಿದ್ದರೆ ಸಾಕು. ಹೊಲದ ಬದುವಿನ ಮೇಲೆ, ಹಿತ್ತಲಲ್ಲಿ, ತಿಪ್ಪೆ ಪಕ್ಕದಲ್ಲಿ, ರಸ್ತೆ ಬದಿಯಲ್ಲಿ ತಾನೇ ಹುಟ್ಟುತ್ತದೆ. ಒಂದು ಅಡಿ, ಹೆಚ್ಚೆಂದರೆ ಎರಡು ಅಡಿ ಎತ್ತರ. ತುದಿಯಲ್ಲಿ ಹಸಿರು ಗುಂಡು. ಗುಂಡಿನ ಸುತ್ತ ಬೆಳ್ಳನೆಯ ಪುಟ್ಟ ಹೂ.

ಇದೇ ತುಂಬೆ. ಎರಡೇ ಅಕ್ಷರದ ಹೆಸರು. ತುಂ, ಬೆ. ತುಂಬೆ.

ಮುಂದಿನ ಸಲ ಹೊಲಕ್ಕೆ ಹೋದಾಗ ಒಂದು ಗಿಡದ ಹತ್ತಿರ ಕೂತು ನೋಡಿ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಅದು ಗುಂಡಗಿಲ್ಲ. ನಾಲ್ಕು ಮೂಲೆ ಇದೆ. ಮನೆ ಮುಂದಿನ ತುಳಸಿ ಕಾಂಡವೂ ಹೀಗೇ ಇದೆ. ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ ಇವೂ ಹೀಗೇ. ಇವೆಲ್ಲ ಒಂದೇ ಬಳಗದ ಗಿಡಗಳು. ತುಂಬೆಯ ಎಲೆ ಉದ್ದ, ಅಗಲ ಕಡಿಮೆ. ಮುಟ್ಟಿದರೆ ಸ್ವಲ್ಪ ಒರಟು. ಉಜ್ಜಿ ಮೂಸಿದರೆ ಖಾರದ ವಾಸನೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ.

ಹೂವನ್ನು ಮೆಲ್ಲಗೆ ಎಳೆದರೆ ಕಳಚಿ ಬರುತ್ತದೆ. ಹೂವಿಗೆ ಎರಡು ತುಟಿ. ಮೇಲಿನ ತುಟಿ ಚಿಕ್ಕದು, ನವಿರು ಕೂದಲಿನದು. ಕೆಳಗಿನ ತುಟಿ ಅಗಲ, ನಾಲಿಗೆ ಚಾಚಿದ ಹಾಗೆ. ಹಿಂದೆ ಒಂದು ಸಣ್ಣ ಕೊಳವೆ. ಆ ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಹೀರಿದರೆ ಒಂದು ಚೂರು ಸಿಹಿ. ದನ ಕಾಯೋ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೇನುನೊಣಕ್ಕೂ ಹೇಳಿಕೊಡಬೇಕಾಗಿಲ್ಲ. ತುಂಬೆ ಇರುವ ಬದುವಿನಲ್ಲಿ ಬೆಳಗಿನ ಹೊತ್ತು ಜೇನು, ಚಿಟ್ಟೆ ತುಂಬಿರುತ್ತವೆ.

ಹೆಸರಿನ ಸುತ್ತ

ಕನ್ನಡದಲ್ಲೂ ತುಳುವಿನಲ್ಲೂ ಇದು ತುಂಬೆ. ತಮಿಳಿನಲ್ಲಿ ತುಂಬೈ. ಮಲಯಾಳದಲ್ಲಿ ತುಂಬ. ತೆಲುಗಿನಲ್ಲಿ ತುಮ್ಮಿ. ನೋಡಿ, ಅಕ್ಕಪಕ್ಕದ ನಾಲ್ಕು ನಾಡಿನವರೂ ಹೆಚ್ಚು ಕಡಿಮೆ ಒಂದೇ ಹೆಸರಿನಿಂದ ಕರೆಯುತ್ತಾರೆ. ಅಂದರೆ ಈ ಗಿಡದ ಗುರುತು ನಮ್ಮ ಹಿರಿಯರಿಗೆ ಬಹಳ ಹಳೆಯದು. ಸಂಸ್ಕೃತದಲ್ಲಿ ಇದಕ್ಕೂ ಇದರ ಹತ್ತಿರದ ಜಾತಿಗಳಿಗೂ ದ್ರೋಣಪುಷ್ಪಿ ಅನ್ನುತ್ತಾರೆ. ದ್ರೋಣ ಅಂದರೆ ದೊನ್ನೆ. ಹೂವು ದೊನ್ನೆಯ ಹಾಗಿದೆ ಅಂತ ಆ ಹೆಸರು. ವಿಜ್ಞಾನಿಗಳು ಇಟ್ಟ ಹೆಸರು ಲ್ಯೂಕಾಸ್ ಆಸ್ಪೆರಾ. ಲ್ಯೂಕಾಸ್ ಅಂದರೆ ಬಿಳಿ. ಆಸ್ಪೆರಾ ಅಂದರೆ ಒರಟು. ಬಿಳಿ ಹೂವಿನ ಒರಟು ಗಿಡ! ನಾವು ಕೈಯಲ್ಲಿ ಮುಟ್ಟಿ ತಿಳಿದದ್ದನ್ನೇ ಅವರೂ ಹೆಸರು ಮಾಡಿದ್ದಾರೆ.

ತುಮಕೂರು ಎಂಬ ಊರಿನ ಹೆಸರಿಗೂ ಈ ತುಂಬೆ ಕಾರಣ ಅಂತ ಒಂದು ಮಾತಿದೆ. ಹಿಂದೆ ಅಲ್ಲಿ ತುಂಬೆ ಹೂ ಬಹಳ ಇತ್ತಂತೆ. ಇನ್ನು ಕೆಲವರು, ಅಲ್ಲ, ತುಮುಕೆ ಎಂಬ ವಾದ್ಯದಿಂದ ಆ ಹೆಸರು ಬಂತು ಅಂತಾರೆ. ಎರಡೂ ಕಡೆಯವರು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಮಂಗಳೂರಿನ ಹತ್ತಿರ ನೇತ್ರಾವತಿ ನದಿಯ ದಂಡೆಯಲ್ಲಿ ತುಂಬೆ ಎಂಬ ಊರೇ ಇದೆ. ಅಲ್ಲಿನ ಅಣೆಕಟ್ಟಿನಿಂದ ಮಂಗಳೂರು ಪಟ್ಟಣಕ್ಕೆ ಕುಡಿಯುವ ನೀರು ಹೋಗುತ್ತದೆ. ಕೇರಳದ ತಿರುವನಂತಪುರದ ಬಳಿ ಕಡಲ ತೀರದಲ್ಲಿ ತುಂಬಾ ಎಂಬ ಇನ್ನೊಂದು ಊರಿದೆ. 1963ರ ನವೆಂಬರ್ 21ರಂದು ನಮ್ಮ ದೇಶದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಆ ಊರಿನಿಂದ. ಊರಿಗೆ ಆ ಹೆಸರು ಬಂದದ್ದು ನಮ್ಮ ಈ ತುಂಬೆ ಗಿಡದಿಂದ ಅಂತ ಹೇಳುತ್ತಾರೆ. ಬದುವಿನ ಗಿಡ, ಆಕಾಶದ ರಾಕೆಟ್. ಇರಲಿ.

ಶಿವನ ತಲೆ ಏರಿದ ಹೂ

ತುಂಬೆ ಹೂ ಶಿವನಿಗೆ ಬಲು ಪ್ರೀತಿ ಅಂತ ನಂಬಿಕೆ. ಶಿವರಾತ್ರಿಗೆ, ಕಾರ್ತಿಕ ಸೋಮವಾರಕ್ಕೆ ಹೆಂಗಸರು ಬೆಳಗ್ಗೆ ಎದ್ದು ತುಂಬೆ ಹೂ ಬಿಡಿಸಿ ತರುತ್ತಾರೆ. ಒಂದು ಬೊಗಸೆ ಹೂವಿಗೆ ಅರ್ಧ ಗಂಟೆ ಬಗ್ಗಬೇಕು. ಅಷ್ಟು ಚಿಕ್ಕ ಹೂ ಅದು.

ಇದರ ಮೇಲೆ ಒಂದು ಕಥೆ ಹೇಳುತ್ತಾರೆ. ಒಂದು ಸಲ ಎಲ್ಲ ಹೂಗಳೂ ಶಿವನನ್ನು ನೋಡಲು ಹೋದವು. ಮಲ್ಲಿಗೆ ಹೋಯಿತು, ಸಂಪಿಗೆ ಹೋಯಿತು, ತಾವರೆ ಹೋಯಿತು. ತುಂಬೆಯೂ ಹಿಂದೆ ಹಿಂದೆ ಹೋಯಿತು. ಬಣ್ಣ ಇಲ್ಲ, ಪರಿಮಳ ಇಲ್ಲ, ಗಾತ್ರ ಇಲ್ಲ. ಯಾರು ಕೇಳುತ್ತಾರೆ? ಎಲ್ಲರೂ ತಳ್ಳಿ ಮುಂದೆ ಹೋದರು. ಕೊನೆಗೆ ಶಿವನೇ ಕರೆದು, "ನಿನಗೇನು ಬೇಕು ಮಗು?" ಅಂತ ಕೇಳಿದ.

ತುಂಬೆಗೆ ಕೈಕಾಲು ನಡುಗಿತು. "ನಿನ್ನ ಪಾದ ನನ್ನ ತಲೆ ಮೇಲಿರಲಿ" ಅಂತ ಹೇಳಬೇಕು ಅಂದುಕೊಂಡು ಬಂದಿತ್ತು. ಹೆದರಿಕೆಗೆ ಮಾತು ತಿರುಗಿತು. "ನನ್ನ ಪಾದ ನಿನ್ನ ತಲೆ ಮೇಲಿರಲಿ" ಅಂದುಬಿಟ್ಟಿತು!

ಎಲ್ಲ ಹೂಗಳೂ ನಕ್ಕವು. ಶಿವನೂ ನಕ್ಕ. ಆದರೆ ಅವನ ನಗೆ ಬೇರೆ. ಆ ಪುಟ್ಟ ಹೂವನ್ನು ಎತ್ತಿ ತಲೆಯ ಮೇಲೇ ಇಟ್ಟುಕೊಂಡ.

ಕಥೆಯನ್ನು ಒಂದೊಂದು ಊರಿನವರು ಒಂದೊಂದು ಥರ ಹೇಳುತ್ತಾರೆ. ದೊಡ್ಡವರ ಮುಂದೆ ಮಾತು ತಡವರಿಸುವುದು ನಮಗೆಲ್ಲ ಗೊತ್ತಿರುವ ಕಷ್ಟವೇ. ಅದಕ್ಕೇ ಈ ಕಥೆ ಉಳಿದಿರಬೇಕು.

ಬೇರೆ ಕಡೆ ತುಂಬೆಯ ಪಾತ್ರವೂ ಬೇರೆ. ಕೇರಳದಲ್ಲಿ ಓಣಂ ಹಬ್ಬಕ್ಕೆ ಅಂಗಳದಲ್ಲಿ ಹೂವಿನ ರಂಗೋಲಿ ಹಾಕುತ್ತಾರೆ. ಅದರಲ್ಲಿ ತುಂಬೆ ಹೂವಿಗೆ ದೊಡ್ಡ ಮರ್ಯಾದೆ. ಹಳೆಯ ತಮಿಳು ಕಾವ್ಯಗಳ ಕಾಲದಲ್ಲಿ ಯುದ್ಧಕ್ಕೆ ಹೊರಟ ಸೈನಿಕರು ತುಂಬೆ ಹೂ ಮುಡಿಯುತ್ತಿದ್ದರು. ಬಟ್ಟೆ ಶುಭ್ರವಾಗಿ ಒಗೆದಿದ್ದರೆ ತಮಿಳರು ಈಗಲೂ ತುಂಬೆ ಹೂವಿನ ಹಾಗೆ ಬೆಳ್ಳಗಿದೆ ಅನ್ನುತ್ತಾರೆ. ತೆಲಂಗಾಣದಲ್ಲಿ ಗಣೇಶನ ಹಬ್ಬದ ದಿನ ತುಮ್ಮಿ ಸೊಪ್ಪಿನ ಪಲ್ಯ ಮಾಡುತ್ತಾರೆ.

ಮನೆಮದ್ದು

ಈಗ ಮದ್ದಿನ ವಿಷಯಕ್ಕೆ ಬರೋಣ.

ನೆಗಡಿ, ಕೆಮ್ಮು ಬಂದಾಗ ಹಳ್ಳಿಯಲ್ಲಿ ತುಂಬೆ ಕಷಾಯ ಮಾಡುತ್ತಾರೆ. ಒಂದು ಹಿಡಿ ಎಲೆ, ನಾಲ್ಕು ಕಾಳು ಮೆಣಸು, ಒಂದು ಚೂರು ಶುಂಠಿ. ಎರಡು ಲೋಟ ನೀರು ಹಾಕಿ ಒಂದು ಲೋಟ ಆಗುವ ತನಕ ಕುದಿಸುವುದು. ಬೆಲ್ಲ ಹಾಕಿ ಬಿಸಿಬಿಸಿ ಕುಡಿಯುವುದು. ಗಂಟಲಿಗೆ ಹಿತ ಆಗುತ್ತದೆ. ಮೂಗು ಕಟ್ಟಿದ್ದರೆ ಕುದಿಯುವ ನೀರಿಗೆ ತುಂಬೆ ಎಲೆ ಹಾಕಿ ಹಬೆ ತೆಗೆದುಕೊಳ್ಳುತ್ತಾರೆ. ದೊಡ್ಡವರಿಗೆ ಇದರಿಂದ ತೊಂದರೆ ಇಲ್ಲ. ನೆಗಡಿ ಹೇಗೂ ಒಂದು ವಾರದಲ್ಲಿ ಹೋಗುವ ಕಾಯಿಲೆ. ಅಲ್ಲಿಯ ತನಕ ಕಷಾಯ ಒಂದು ಸಮಾಧಾನ.

ಮಕ್ಕಳ ವಿಷಯ ಹಾಗಲ್ಲ. ಎಳೆ ಮಗುವಿಗೆ ಕಫ ಕಟ್ಟಿದರೆ ತುಂಬೆ ರಸವನ್ನು ಮೂಗಿಗೆ ಬಿಡುವ ರೂಢಿ ಕೆಲವು ಕಡೆ ಇದೆ. ಇದನ್ನು ಮಾಡಲೇಬಾರದು. ಮೂಗಿಗೆ ಬಿಟ್ಟ ರಸ ಉಸಿರಿನ ಕೊಳವೆಗೆ ಇಳಿಯಬಹುದು. ಮಗು ಉಸಿರು ಕಟ್ಟಿ ಒದ್ದಾಡಬಹುದು. ಹಬೆಯೂ ಬೇಡ. ಬಿಸಿ ನೀರು ಚೆಲ್ಲಿ ಸುಟ್ಟ ಮಕ್ಕಳು ಎಷ್ಟೋ.

ಕೆಮ್ಮುವ ಮಗುವನ್ನು ಆಸ್ಪತ್ರೆಗೆ ಯಾವಾಗ ಒಯ್ಯಬೇಕು? ಇದನ್ನು ತಿಳಿಯಲು ಒಂದು ಗಡಿಯಾರ ಸಾಕು. ಮಗು ಅಳದೆ ಮಲಗಿದ್ದಾಗ ಅಂಗಿ ಸರಿಸಿ ಹೊಟ್ಟೆ ನೋಡಿ. ಹೊಟ್ಟೆ ಒಂದು ಸಲ ಮೇಲೆ ಏಳುವುದು, ಇಳಿಯುವುದು ಒಂದು ಉಸಿರು. ಒಂದು ನಿಮಿಷ ಎಣಿಸಿ. ಮಗುವಿಗೆ ಎರಡು ತಿಂಗಳು ತುಂಬಿದೆ, ಒಂದು ವರ್ಷ ತುಂಬಿಲ್ಲ ಅನ್ನಿ. ಆಗ ನಿಮಿಷಕ್ಕೆ 50 ಅಥವಾ ಹೆಚ್ಚು ಉಸಿರು ಇದ್ದರೆ ಅಪಾಯ. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅಪಾಯ. ಉಸಿರು ಎಳೆಯುವಾಗ ಪಕ್ಕೆ ಒಳಗೆ ಸೆಳೆದುಕೊಂಡರೆ ಇನ್ನೂ ಅಪಾಯ. ಇದು ನ್ಯುಮೋನಿಯಾ ಇರಬಹುದು. ಇದಕ್ಕೆ ಕಷಾಯ ಅಲ್ಲ, ಆಸ್ಪತ್ರೆಯ ಔಷಧಿ ಬೇಕು. ಎರಡು ತಿಂಗಳೂ ತುಂಬದ ಕೂಸಿಗೆ ಎಣಿಸುತ್ತ ಕೂರಬೇಡಿ. ಹುಷಾರಿಲ್ಲ ಅನ್ನಿಸಿದ ಕೂಡಲೇ ಹೊರಡಿ.

ಕಜ್ಜಿ, ತುರಿಕೆಗೆ ತುಂಬೆ ಎಲೆ ಅರೆದು ಹಚ್ಚುವುದು ಇನ್ನೊಂದು ರೂಢಿ. ಪ್ರಯೋಗಾಲಯದಲ್ಲಿ ಈ ಎಲೆಯ ಸಾರವನ್ನು ಪರೀಕ್ಷೆ ಮಾಡಿದ್ದಾರೆ. ಕೆಲವು ರೋಗಾಣುಗಳ ಬೆಳವಣಿಗೆಯನ್ನು ಅದು ತಡೆಯಿತು. ಇಲಿಗಳಲ್ಲಿ ಊತ ಕಡಿಮೆ ಮಾಡಿತು. ಆದ್ದರಿಂದ ಅಜ್ಜಿಯ ಮಾತಿನಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದೆಲ್ಲ ಮನುಷ್ಯನ ಮೈಯಲ್ಲಿ ಆಗುತ್ತದೆ ಅಂತ ಅಲ್ಲ. ಮುಖ್ಯವಾಗಿ ಹುಳಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ. ಅದು ಚರ್ಮದೊಳಗೆ ಬಿಲ ಕೊರೆಯುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಹರಡುತ್ತದೆ. ಒಬ್ಬರಿಗೆ ಸೊಪ್ಪು ಹಚ್ಚಿದರೆ ಹೋಗುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಮುಲಾಮು ಕೊಡುತ್ತಾರೆ. ಅದನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಬಟ್ಟೆ, ಹಾಸಿಗೆಯನ್ನು ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ಸಂಜೆ ಹೊತ್ತು ಒಣಗಿದ ತುಂಬೆ ಗಿಡಕ್ಕೆ ಕೆಂಡ ಹಾಕಿ ಕೊಟ್ಟಿಗೆಯಲ್ಲಿ ಹೊಗೆ ಹಾಕುವವರಿದ್ದಾರೆ. ಸೊಳ್ಳೆ ದೂರ ಹೋಗುತ್ತವೆ. ದನಕ್ಕೆ ನೆಮ್ಮದಿ. ಕೊಟ್ಟಿಗೆಗೆ ಸರಿ. ಮಗು ಮಲಗಿದ ಕೋಣೆಗೆ ಬೇಡ. ಹೊಗೆ ಯಾವುದಾದರೂ ಮಗುವಿನ ಎದೆಗೆ ಕೆಟ್ಟದ್ದೇ. ಇನ್ನೊಂದು ಮಾತು. ಡೆಂಗಿ ಜ್ವರ ತರುವ ಸೊಳ್ಳೆ ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ಸಂಜೆಯ ಹೊಗೆ ಅದಕ್ಕೆ ಸಾಲದು. ತೊಟ್ಟಿ, ಡ್ರಮ್ಮು, ಟೈರಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು.

ಇರುವೆ, ಜೇನು ಕಡಿದ ಜಾಗಕ್ಕೆ ಎಲೆ ಉಜ್ಜಿದರೆ ಉರಿ ಕಡಿಮೆ ಆದ ಹಾಗೆ ಅನ್ನಿಸುತ್ತದೆ. ಉಜ್ಜಬಹುದು. ಚೇಳು ಕುಟುಕಿದರೆ ಮಾತ್ರ ಹುಷಾರು. ಮಗುವಿಗೆ ಚೇಳು ಕುಟುಕಿ, ಮೈ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ಅದು ಹೃದಯಕ್ಕೆ ಏಟು ಬಿದ್ದ ಗುರುತು. ಮಹಾರಾಷ್ಟ್ರದ ಮಹಾಡ್ ಎಂಬ ಊರಿನಲ್ಲಿ ಹಿಮ್ಮತರಾವ್ ಬಾವಸ್ಕರ್ ಎಂಬ ಡಾಕ್ಟರ್ ಇದ್ದಾರೆ. ಕೊಂಕಣದ ಹಳ್ಳಿಗಳಲ್ಲಿ ಕೆಂಪು ಚೇಳಿನಿಂದ ಮಕ್ಕಳು ಸಾಯುವುದನ್ನು ಅವರು ಕಣ್ಣಾರೆ ನೋಡಿದರು. ರೋಗಿಗಳ ಪಕ್ಕದಲ್ಲೇ ರಾತ್ರಿಯೆಲ್ಲ ಕೂತು ಗಮನಿಸಿದರು. ರಕ್ತದ ಒತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟರು. ಆಮೇಲೆ ಚೇಳಿನ ಸಾವು ಬಹಳ ಕಡಿಮೆಯಾಯಿತು. 2022ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಹಳ್ಳಿ ಡಾಕ್ಟರು, ಅಗ್ಗದ ಮಾತ್ರೆ. ಅದೀಗ ದೊಡ್ಡ ಪುಸ್ತಕಗಳಲ್ಲೂ ಸೇರಿದೆ.

ಹಾವು ಕಚ್ಚಿದರೆ?

ತುಂಬೆಯ ಬಗ್ಗೆ ಎಲ್ಲಕ್ಕಿಂತ ದೊಡ್ಡ ನಂಬಿಕೆ ಇದು. ಹಾವು ಕಚ್ಚಿದವರಿಗೆ ತುಂಬೆ ರಸ ಕುಡಿಸುತ್ತಾರೆ. ಕಣ್ಣಿಗೆ, ಮೂಗಿಗೆ ಬಿಡುತ್ತಾರೆ. ಗಾಯಕ್ಕೆ ಅರೆದು ಕಟ್ಟುತ್ತಾರೆ.

"ನಮ್ಮ ತಾತನಿಗೆ ಹಾವು ಕಚ್ಚಿತ್ತು ಕಣ್ರೀ. ತುಂಬೆ ರಸ ಕುಡಿಸಿದ್ರು. ಆಮೇಲೆ ಇಪ್ಪತ್ತು ವರ್ಷ ಬದುಕಿದ್ರು. ಅದೇನು ಸುಳ್ಳಾ?"

ಸುಳ್ಳಲ್ಲ. ತಾತ ಬದುಕಿದ್ದು ನಿಜ. ರಸ ಕುಡಿಸಿದ್ದೂ ನಿಜ. ಆದರೆ ರಸದಿಂದಲೇ ಬದುಕಿದರಾ? ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ವಿಷ ಇಲ್ಲ. ಕೇರೆಹಾವಿಗೆ ವಿಷ ಇಲ್ಲ. ನೀರುಹಾವಿಗೆ ವಿಷ ಇಲ್ಲ. ಕತ್ತಲಲ್ಲಿ ಕಚ್ಚಿದ್ದು ಯಾವ ಹಾವು ಅಂತ ಯಾರು ನೋಡಿದರು? ಎರಡನೆಯದು, ವಿಷದ ಹಾವು ಕಚ್ಚಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ಒಮ್ಮೊಮ್ಮೆ ಬರಿ ಹಲ್ಲು ಊರಿ ಹೋಗುತ್ತದೆ. ಇನ್ನು ಕೆಲವು ಸಲ ಸ್ವಲ್ಪವೇ ಬಿಡುತ್ತದೆ. ಇಂಥವರಿಗೆ ತುಂಬೆ ರಸ ಕೊಟ್ಟರೂ ಬದುಕುತ್ತಾರೆ. ಮಂತ್ರ ಹಾಕಿದರೂ ಬದುಕುತ್ತಾರೆ. ಏನೂ ಮಾಡದಿದ್ದರೂ ಬದುಕುತ್ತಾರೆ. ಬದುಕಿದವರ ಕಥೆ ಊರೆಲ್ಲ ಓಡಾಡುತ್ತದೆ. ಸತ್ತವರ ಮನೆಯಲ್ಲಿ "ಹಣೆಬರಹ" ಅಂತ ಸುಮ್ಮನಾಗುತ್ತಾರೆ. ಹೀಗಾಗಿ ಔಷಧಿಗೆ ಹೆಸರು ಬರುತ್ತದೆ.

ವಿಷ ಮೈಗೆ ಇಳಿದಿದ್ದರೆ ಮಾತ್ರ ಯಾವ ಸೊಪ್ಪೂ ಅದನ್ನು ತೆಗೆಯಲಾರದು. ಬೇವು ಕಹಿ ಅನ್ನಿಸುತ್ತಾ, ಮೆಣಸಿನಕಾಯಿ ಖಾರ ಅನ್ನಿಸುತ್ತಾ ಅಂತ ತಿನ್ನಿಸಿ ನೋಡುವ ಪರೀಕ್ಷೆಯನ್ನೂ ನಂಬುವಂತಿಲ್ಲ.

ನಮ್ಮಲ್ಲಿ ಹೆಚ್ಚು ಜೀವ ತೆಗೆಯುವ ಹಾವು ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳಿಗೆ ಏರುತ್ತದೆ. ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ನಾಲಿಗೆ ತೊದಲುತ್ತದೆ. ಕೊನೆಗೆ ಉಸಿರು ನಿಲ್ಲುತ್ತದೆ. ಮಂಡಲದ ಹಾವುಗಳ ವಿಷ ರಕ್ತ ಕೆಡಿಸುತ್ತದೆ. ಕಚ್ಚಿದ ಜಾಗ ಊದುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರಬಹುದು. ಕೊಳಕುಮಂಡಲ ಕಚ್ಚಿದರೆ ಮೂತ್ರಪಿಂಡವೂ ಕೆಡಬಹುದು.

ಕಟ್ಟುಹಾವು ಬಹಳ ಮೋಸ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇಲ್ಲ, ಊತ ಇಲ್ಲ, ಗಾಯ ಕಾಣುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಮನೆಯವರು ಅಜೀರ್ಣ ಅಂತ ಕಷಾಯ ಕೊಡುತ್ತಾರೆ. ಅಷ್ಟರಲ್ಲಿ ರೆಪ್ಪೆ ಎತ್ತಲು ಆಗುವುದಿಲ್ಲ. ನೆಲದ ಮೇಲೆ ಮಲಗಿದವರು ಬೆಳಗ್ಗೆ ಹೊಟ್ಟೆನೋವು ಅಂದು, ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದರೆ ಹಾವಿನ ಯೋಚನೆ ಮಾಡಿ. ಸೊಳ್ಳೆ ಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಸೊಳ್ಳೆಯೂ ಬರುವುದಿಲ್ಲ, ಕಟ್ಟುಹಾವೂ ಬರುವುದಿಲ್ಲ.

ವಿಷಕ್ಕೆ ಔಷಧಿ ಒಂದೇ. ಅದು ಪ್ರತಿವಿಷ. ಅದನ್ನು ಹೇಗೆ ಮಾಡುತ್ತಾರೆ ಗೊತ್ತೆ? ಹಾವಿನ ವಿಷವನ್ನು ಕುದುರೆಗೆ ಬಹಳ ಸ್ವಲ್ಪ ಚುಚ್ಚುತ್ತಾರೆ. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ಕುದುರೆಯ ರಕ್ತದಲ್ಲಿ ಆ ವಿಷವನ್ನು ಹಿಡಿದು ಕಟ್ಟಿಹಾಕುವ ವಸ್ತು ಹುಟ್ಟುತ್ತದೆ. ಆ ರಕ್ತದಿಂದ ಔಷಧಿ ತೆಗೆಯುತ್ತಾರೆ. ನಮ್ಮ ದೇಶದ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವಿಗೂ ಒಂದೇ. ಅದಕ್ಕೆ ಬೇಕಾದ ವಿಷವನ್ನು ತೆಗೆದು ಕೊಡುವವರು ಯಾರು? ಚೆನ್ನೈ ಹತ್ತಿರದ ಇರುಳರು. ಹಾವು ಹಿಡಿಯುವುದು ಅವರ ಹಳೆಯ ಕಸುಬು. 1978ರಲ್ಲಿ ಅವರ ಸಹಕಾರ ಸಂಘ ಶುರುವಾಯಿತು. ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಬಂತು. ಕಾಡಿನ ಗಿಡಮೂಲಿಕೆ ಬಲ್ಲ ಜನ ಇರುಳರು. ಆಸ್ಪತ್ರೆಯ ಔಷಧಿಯ ಹಿಂದೆಯೂ ಅವರ ಕೈ ಇದೆ.

2000ರಿಂದ 2019ರ ವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರ ಲೆಕ್ಕವನ್ನು ಸಂಶೋಧಕರು ಅಂದಾಜು ಮಾಡಿದರು. ವರ್ಷಕ್ಕೆ ಸರಾಸರಿ 58,000 ಜನ! ಅರ್ಧಕ್ಕರ್ಧ ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಮಳೆಗಾಲದಲ್ಲಿ. ಹೆಚ್ಚಿನವರು ಹಳ್ಳಿಯವರು. ಕಳೆ ಕೀಳುವಾಗ, ನಾಟಿ ಹಾಕುವಾಗ, ರಾತ್ರಿ ನೀರು ಕಟ್ಟಲು ಹೋದಾಗ ಕಚ್ಚಿಸಿಕೊಂಡವರು. ಇದು ರೈತರ ಕಾಯಿಲೆ. ಅದಕ್ಕೇ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನಿಸುತ್ತದೆ. ಈಗ ಸ್ವಲ್ಪ ಬದಲಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಹಾವು ಕಚ್ಚಿದ ಪ್ರಕರಣ ಬಂದರೆ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು. ಖಾಸಗಿ ಆಸ್ಪತ್ರೆಗೂ ಇದು ಅನ್ವಯಿಸುತ್ತದೆ. ಎಲ್ಲಿ ಹೆಚ್ಚು ಕಚ್ಚುತ್ತದೆ ಅಂತ ಲೆಕ್ಕ ಸಿಕ್ಕರೆ ಅಲ್ಲಿಗೆ ಹೆಚ್ಚು ಔಷಧಿ ಕಳಿಸಬಹುದು.

ಹಾಗಾದರೆ ಕಚ್ಚಿದ ಕೂಡಲೇ ಏನು ಮಾಡಬೇಕು?

ಕಚ್ಚಿಸಿಕೊಂಡವರನ್ನು ಮಲಗಿಸಿ. ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ. ನಡೆದಷ್ಟೂ ವಿಷ ಬೇಗ ಏರುತ್ತದೆ. ಕೈಗೆ ಕಚ್ಚಿದ್ದರೆ ಉಂಗುರ, ಬಳೆ ತೆಗೆಯಿರಿ. ಕಾಲಿಗೆ ಕಚ್ಚಿದ್ದರೆ ಕಾಲುಂಗುರ, ಗೆಜ್ಜೆ ತೆಗೆಯಿರಿ. ಕಾಲುಂಗುರ ತೆಗೆಯಬಾರದು ಅಂತ ಹಿರಿಯರು ಅಡ್ಡ ಬರಬಹುದು. ಊತ ಬಂದ ಮೇಲೆ ಬೆರಳೇ ಹೋಗುತ್ತದೆ ಅಂತ ಹೇಳಿ, ತೆಗೆಯಿರಿ. ಮೂಳೆ ಮುರಿದಾಗ ಕಟ್ಟುವ ಹಾಗೆ ಎರಡು ದಬ್ಬೆ ಇಟ್ಟು ಕಾಲನ್ನು ಅಲುಗಾಡದಂತೆ ಕಟ್ಟಿ. ಹಗ್ಗ ಬಿಗಿದು ರಕ್ತ ನಿಲ್ಲಿಸಬೇಡಿ. ಬ್ಲೇಡಿನಿಂದ ಕುಯ್ಯಬೇಡಿ. ಬಾಯಿಂದ ಹೀರಬೇಡಿ. ಯಾರಾದರೂ ಮೊದಲೇ ಬಿಗಿಯಾಗಿ ಕಟ್ಟಿದ್ದರೆ ಥಟ್ಟನೆ ಬಿಚ್ಚಬೇಡಿ. ಡಾಕ್ಟರ ಮುಂದೆ ಬಿಚ್ಚಲಿ.

108ಕ್ಕೆ ಫೋನ್ ಮಾಡಿ. ಗಾಡಿ ಬರಲು ತಡವಾದರೆ ಬೈಕಿನಲ್ಲೇ ಹೊರಡಿ. ಓಡಿಸುವವರು ಮುಂದೆ, ರೋಗಿ ನಡುವೆ, ಹಿಡಿದುಕೊಳ್ಳಲು ಒಬ್ಬರು ಹಿಂದೆ. ಹಾವನ್ನು ಹುಡುಕಿ ಹೊಡೆಯುತ್ತ ಹೊತ್ತು ಕಳೆಯಬೇಡಿ. ಔಷಧಿ ಒಂದೇ ಅಂದೆವಲ್ಲ, ಹಾವನ್ನು ಒಯ್ಯುವ ಅಗತ್ಯ ಇಲ್ಲ.

ಈಗ ನಿಮಗೆ ಓದು ಬರಹ ಬಂದಿದೆ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಚೀಟಿಯಲ್ಲಿ ಬರೆಯಿರಿ. ಕಚ್ಚಿದ ಹೊತ್ತು ಎಷ್ಟು, ಎಲ್ಲಿ ಕಚ್ಚಿತು, ಆಮೇಲೆ ಏನೇನು ಆಯಿತು, ಏನೇನು ಕುಡಿಸಿದಿರಿ. ಚೀಟಿಯನ್ನು ಡಾಕ್ಟರಿಗೆ ಕೊಡಿ. ಗಾಬರಿಯಲ್ಲಿ ಬಾಯಿಮಾತು ಮರೆಯುತ್ತದೆ. ಚೀಟಿ ಮರೆಯುವುದಿಲ್ಲ. ನಿಮ್ಮ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಅಂತ ಆಶಾ ಕಾರ್ಯಕರ್ತೆಯನ್ನು ಮಳೆಗಾಲಕ್ಕೆ ಮೊದಲೇ ಕೇಳಿ, ಗೋಡೆಯ ಮೇಲೆ ಬರೆದಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧಿಗೆ ದುಡ್ಡಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಸ್ವಲ್ಪ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಅಂತ ಅರ್ಥ. "ಸುಮ್ಮನೆ ಕಾಯಿಸ್ತಾರೆ" ಅಂತ ಜಗಳ ಮಾಡಬೇಡಿ. ಅದು ಪರೀಕ್ಷೆ.

ನಿಮ್ಮೂರಿನಲ್ಲಿ ಹಾವಿನ ಮದ್ದು ಕೊಡುವ ನಾಟಿ ವೈದ್ಯರು ಇರಬಹುದು. ಹೆಚ್ಚಿನವರು ದುಡ್ಡು ಮುಟ್ಟುವುದಿಲ್ಲ. ರಾತ್ರಿ ಬಾಗಿಲು ಬಡಿದರೂ ಎದ್ದು ಬರುತ್ತಾರೆ. ಅವರನ್ನು ಹೀಗಳೆಯಬೇಡಿ. ಅವರ ಮಾತನ್ನು ಜನ ಕೇಳುತ್ತಾರೆ. "ಯಜಮಾನ್ರೇ, ನೀವೇ ಒಂದು ಮಾತು ಹೇಳಿ. ಮೊದಲು ಆಸ್ಪತ್ರೆಗೆ ಹೋಗಲಿ" ಅಂತ ಅವರನ್ನೇ ಕೇಳಿಕೊಳ್ಳಿ. ಅವರೊಬ್ಬರು ಹೇಳಿದರೆ ಹತ್ತು ಭಾಷಣಕ್ಕೆ ಸಮ.

ಯಾವ ತುಂಬೆ?

ತುಂಬೆ ಅಂತ ಹೆಸರಿದ್ದದ್ದೆಲ್ಲ ಈ ತುಂಬೆ ಅಲ್ಲ. ಕರಿತುಂಬೆ ಬೇರೆ. ಅದು ಎತ್ತರ, ಘಾಟು ವಾಸನೆ, ನೇರಳೆ ಬಣ್ಣದ ಹೂ. ಕತ್ತೆತುಂಬೆ ಇನ್ನೂ ಬೇರೆ. ಅದರ ಎಲೆಯ ಮೇಲೆ ಒರಟು ಕೂದಲು. ಹೂ ತಿಳಿ ನೀಲಿ, ತಲೆ ತಗ್ಗಿಸಿರುತ್ತದೆ. ಅದು ತುಳಸಿಯ ಬಳಗವೇ ಅಲ್ಲ. ಅದರ ಬಳಗದ ಹಲವು ಗಿಡಗಳಲ್ಲಿ ಲಿವರ್ ಕೆಡಿಸುವ ವಿಷ ಇರುತ್ತದೆ. ಆದ್ದರಿಂದ ಹೂ ಬೆಳ್ಳಗಿದೆಯೆ, ಕಾಂಡಕ್ಕೆ ನಾಲ್ಕು ಮೂಲೆ ಇದೆಯೆ, ಎರಡನ್ನೂ ನೋಡಿ. ಅನುಮಾನ ಬಂದರೆ ಊರಿನ ಹಿರಿಯ ಹೆಂಗಸರಿಗೆ ತೋರಿಸಿ. ಸೊಪ್ಪಿನ ಗುರುತಿನಲ್ಲಿ ಅವರನ್ನು ಮೀರಿಸಿದವರಿಲ್ಲ.

ಕೀಳುವ ಜಾಗವನ್ನೂ ನೋಡಿ. ಈಗ ಕಳೆ ಕೀಳಲು ಆಳು ಸಿಗುವುದಿಲ್ಲ ಅಂತ ಕಳೆನಾಶಕ ಹೊಡೆಯುತ್ತಾರೆ. ಹೊಡೆದ ಒಂದೆರಡು ದಿನ ಗಿಡ ಹಸಿರಾಗಿಯೇ ಕಾಣುತ್ತದೆ. ಅಂಥ ಬದುವಿನ ಸೊಪ್ಪು ಬೇಡ. ರಸ್ತೆ ಬದಿಯದು, ಚರಂಡಿ ಪಕ್ಕದ್ದು ಬೇಡ. ಬಸುರಿಯರು, ದಿನವೂ ಮಾತ್ರೆ ನುಂಗುವವರು ಕಷಾಯ ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು.

ಬದುವಿಗೆಲ್ಲ ಔಷಧಿ ಹೊಡೆದರೆ ತುಂಬೆ ಹೋಗುತ್ತದೆ. ಅದರ ಹಿಂದೆಯೇ ಅಣ್ಣೆಸೊಪ್ಪು, ಹೊನಗೊನ್ನೆ, ಗಣಿಕೆ ಎಲ್ಲ ಹೋಗುತ್ತವೆ. ಜೇನಿಗೆ ಹೂ ಇಲ್ಲ. ದುಡ್ಡಿಲ್ಲದ ದಿನ ಮನೆಗೆ ಸೊಪ್ಪು ಇಲ್ಲ. ಒಂದು ಮೂಲೆಯ ಬದುವನ್ನಾದರೂ ಹಾಗೇ ಬಿಡಿ. ಒಣಗಿದ ಗುಂಡನ್ನು ಅಂಗೈಯಲ್ಲಿ ಉಜ್ಜಿದರೆ ಕಂದು ಬಣ್ಣದ ಸಣ್ಣ ಬೀಜ ಉದುರುತ್ತದೆ. ಹಿತ್ತಲಲ್ಲಿ ಚೆಲ್ಲಿದರೆ ಮುಂದಿನ ಮಳೆಗೆ ಏಳುತ್ತದೆ.

ಬೆರಕೆ ಸೊಪ್ಪಿನ ಸಾರು

ಬಯಲುಸೀಮೆಯ ಬೆರಕೆ ಸೊಪ್ಪಿಗೆ ಕೆಲವರು ತುಂಬೆ ಕುಡಿಯನ್ನೂ ಸೇರಿಸುತ್ತಾರೆ. ಹೂ ಬಿಡುವ ಮೊದಲಿನ ಎಳೆ ಕುಡಿ ಆಗಬೇಕು. ಬಲಿತರೆ ಕಹಿ. ಎಲ್ಲ ಸೊಪ್ಪೂ ನಾಲ್ಕು ಹಿಡಿ ಇದ್ದರೆ ತುಂಬೆ ಅರ್ಧ ಹಿಡಿ ಸಾಕು. ಮೂರು ನೀರಲ್ಲಿ ತೊಳೆಯಿರಿ. ಒಂದು ಪಾವು ತೊಗರಿಬೇಳೆ ಅಥವಾ ಅವರೆಕಾಳನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪು ಹಾಕಿ. ಬೆಂದ ಮೇಲೆ ಕಟ್ಟು ಬಸಿದುಕೊಳ್ಳಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಕೊತ್ತಂಬರಿ ಬೀಜ, ಕಾಯಿತುರಿ ಹುರಿದು, ಒಂದು ಸೌಟು ಬೆಂದ ಸೊಪ್ಪಿನ ಜೊತೆ ರುಬ್ಬಿ ಕಟ್ಟಿಗೆ ಹಾಕಿ. ಹುಣಿಸೆ ರಸ, ಉಪ್ಪು ಹಾಕಿ ಒಂದು ಕುದಿ ಬರಿಸಿ ಒಗ್ಗರಣೆ ಕೊಡಿ. ಉಳಿದ ಸೊಪ್ಪು ಕಾಳಿಗೆ ಬೇರೆ ಒಗ್ಗರಣೆ ಹಾಕಿದರೆ ಪಲ್ಯ. ಬಿಸಿ ಮುದ್ದೆ ಜೊತೆ ಉಣ್ಣಿ. ಮಾರನೆಯ ದಿನಕ್ಕೆ ಸಾರು ಉಳಿದರೆ ಇನ್ನೂ ರುಚಿ.